ನಾಲ್ಕನೇ ಟಕ್

ಇದು ೧೯೭೬ರಲ್ಲಿ, ಪರೇಲಿನ ಒಂದು ಬಟ್ಟೆ ಗಿರಣಿಯ ಕಂಪ್ಯೂಟರ್ ಕೋಣೆಯಲ್ಲಿ ಹಾಡಹಗಲೇ ನಡೆದದ್ದು. ಕಾರ್ಮಿಕರ ಹೆಸರುಗಳನ್ನು ನಾನೇ ಡಿಸ್ಕಿನಲ್ಲಿ ಮರದಂತೆ, ಬಿ-ಟ್ರೀಯಾಗಿ ಜೋಡಿಸಿದ್ದೆ. ಬೇರಿನಿಂದ ಕೊಂಬೆಗೆ, ಕೊಂಬೆಯಿಂದ ಎಲೆಗೆ: ಯಾವ ಹೆಸರು ಹುಡುಕಿದರೂ ಡಿಸ್ಕು ಮಟ್ಟಕ್ಕೊಂದರಂತೆ ಮೂರೇ ಸಲ ಟಕ್ ಎನ್ನುತ್ತಿತ್ತು.

ಗುರುಬಾಯಿ ಸತ್ತ ಗಂಡನ ಜಾಗದಲ್ಲಿ ಕೆಲಸ ಕೇಳಲು ಬಂದಿದ್ದಳು. ಹಳೆಯ ರಿಜಿಸ್ಟರು ಗೆದ್ದಲು ಹಿಡಿದಿತ್ತು; ಡಿಸ್ಕಿನಲ್ಲಿ ಗಂಡನ ಹೆಸರಿಲ್ಲದಿದ್ದರೆ ಕೆಲಸವಿಲ್ಲ.

"ಖಂಡಪ್ಪ ಅಂತ ನೋಡ್ರಿ ಸಾಹೇಬ್ರ. ಹದಿನೆಂಟು ವರ್ಷ ಮಗ್ಗದಾಗ ದುಡದಾನ."

ಟಕ್, ಟಕ್, ಟಕ್. ಸ್ವಲ್ಪ ತಡೆದು, ಮತ್ತೊಂದು ಟಕ್. ನನ್ನ ಮರಕ್ಕೆ ನಾಲ್ಕನೇ ಮಟ್ಟವೇ ಇರಲಿಲ್ಲ. ಎಸಿ ಕೋಣೆಯಲ್ಲಿ ಬಿಸಿ ಹತ್ತಿಯ ವಾಸನೆ ಬಂತು. ಪ್ರಿಂಟರ್ ಖಂಡಪ್ಪನ ಹೆಸರು ಹೊಡೆಯಿತು.

ಅನುಮಾನದಿಂದ ಎಲೆಗಳನ್ನೆಲ್ಲ ಮೊದಲಿನಿಂದ ಕೊನೆಯತನಕ ಓದಿಸಿದೆ. ಆ ಹೆಸರು ಎಲ್ಲೂ ಇರಲಿಲ್ಲ.

"ಮಶೀನಿಗೆ ಮಂಡೆ ಸರಿ ಇಲ್ಲ ಮಾರಾಯ," ಎಂದರು ನಮ್ಮ ಮೇಲಧಿಕಾರಿ ಶೆಣೈ. "ಹೆಸರಿಲ್ಲ ಅಂತ ಬರೆದು ಕಳಿಸು."

"ಬರೆಯುವುದಿಲ್ಲ ಸಾರ್. ನೀವು ಬೇಕಾದರೆ ನನ್ನನ್ನೇ ಕಳಿಸಿ."

ಪ್ರಿಂಟರ್ ಹೊಡೆದ ಕಾಗದಕ್ಕೆ ಸಹಿ ಹಾಕಿ ಗುರುಬಾಯಿಯ ಕೈಗೆ ಕೊಟ್ಟೆ. ಅವಳಿಗೆ ನೂಲು ಸುತ್ತುವ ಕೆಲಸ ಸಿಕ್ಕಿತು.

ಅಂದಿನಿಂದ ದಿನದ ಹಾಜರಿಯಲ್ಲಿ ಅವಳ ಹೆಸರಿನ ಕೆಳಗೆ ಖಂಡಪ್ಪನದೂ ಬರುತ್ತಿದೆ. ಅಳಿಸು ಎಂದು ಶೆಣೈ ಮೂರು ಸಲ ಮೆಮೊ ಕೊಟ್ಟಿದ್ದಾರೆ. ನಾನು ಅಳಿಸಿಲ್ಲ.