ಮಂಜು ಹಿಡಿದ ವಿಮಾನಗಳು

ಕನ್ನಡಕದಂಗಡಿಯ ಬಾಗಿಲು ತೆರೆದು ನಾನಿನ್ನೂ ಕಸ ಗುಡಿಸಿರಲಿಲ್ಲ, ಪಕ್ಕದ ಬೀದಿಯ ಪುಸ್ತಕದಂಗಡಿ ಯಜಮಾನರು ಮೈಮೇಲೆ ಬಂದವರಂತೆ ಒಳಗೆ ನುಗ್ಗಿದರು. ನನ್ನತ್ತ ತಿರುಗಿಯೂ ನೋಡಲಿಲ್ಲ. ಅದೇನು ಹೊಸದಲ್ಲ. ಕಣ್ಣು ಕಾಣದವರು ಬಂದರೆ ನನ್ನನ್ನು ಕೇಳುತ್ತಾರೆ, ಕಳ್ಳ ಕಾಣದವರು ಬಂದರೆ ನನ್ನ ಹೆಂಡತಿಯನ್ನು. ಬೀದಿಯವರು ಅವಳಿಗೆ ಭೂತಗನ್ನಡಿ ಅಂತ ಹೆಸರಿಟ್ಟಿದ್ದಾರೆ. ಅವಳಿಗೂ ಅದು ಗೊತ್ತು, ಒಳಗೊಳಗೇ ಖುಷಿ.

"ತಂಗೀ, ನನ್ನ ಅಳಿಯ ವಿಮಾನಗಳನ್ನೆಲ್ಲ ಹಾಳು ಮಾಡಿಬಿಟ್ಟ. ಸಂಜೆಯೊಳಗೆ ಅವನು ಮನೆ ಬಿಡಬೇಕು. ಅವನೇ ಮಾಡಿದ್ದು ಅಂತ ನೀನೊಂದು ಮಾತು ಹೇಳಿಬಿಡು, ಸಾಕು."

"ಯಾರು ಮಾಡಿದ್ದು ಅಂತ ಹೇಳ್ತೀನಿ. ಅವರೇ ಅಂತ ಈಗಲೇ ಹೇಗೆ ಹೇಳಲಿ?" ಎಂದಳು ನಮ್ಮವಳು.

ಯಜಮಾನರ ವಿಮಾನಗಳೆಂದರೆ ಹೆಬ್ಬೆರಳುದ್ದದ ಆಟದ ವಿಮಾನಗಳು. ಗೆಳೆಯರೆಲ್ಲ ಮೇಜಿನ ಮೇಲೆ ಸಮುದ್ರದ ನಕ್ಷೆ ಹರಡಿ, ದಾಳ ಉರುಳಿಸಿ, ಗಂಟೆಗಟ್ಟಲೆ ಯುದ್ಧ ಮಾಡುತ್ತಾರೆ. ಪ್ರತಿ ವಿಮಾನಕ್ಕೂ ಗಾಜಿನಷ್ಟು ತಿಳಿಯಾದ ಪ್ಲಾಸ್ಟಿಕ್ ಸ್ಟ್ಯಾಂಡು. ಅದು ಕಣ್ಣಿಗೆ ಬೀಳದೆ ವಿಮಾನ ಹಾರುತ್ತಿರುವಂತೆ ಕಾಣಬೇಕು. ಮರುದಿನ ಬೇರೆ ಊರಿನ ತಂಡದ ಜೊತೆ ಪಂದ್ಯವಿತ್ತು. ಅಂದು ಬೆಳಿಗ್ಗೆ ನೋಡಿದರೆ ಕಪಾಟಿನಲ್ಲಿದ್ದ ಸ್ಟ್ಯಾಂಡುಗಳೆಲ್ಲ ಬೆಳ್ಳಗೆ ಮಸುಕಾಗಿದ್ದವು.

ಆ ಕಪಾಟು ಇದ್ದದ್ದು ಮಗಳು ಅಳಿಯ ಮಲಗುವ ಕೋಣೆಯಲ್ಲಿ. ಧೂಳು ಹಾರುತ್ತದೆ ಅಂತ ಅಲ್ಲಿ ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ಹೊಸದಾಗಿ ಮದುವೆಯಾದವರು ಆ ಸೆಕೆಯಲ್ಲಿ ಹೇಗೆ ನಿದ್ದೆ ಮಾಡುತ್ತಾರೋ ಎಂದು ನನಗೆ ಅಯ್ಯೋ ಅನ್ನಿಸಿತು. ಅಳಿಯನಿಗೆ ಸಿಟ್ಟಿದ್ದರೆ ತಪ್ಪೇನಿಲ್ಲ. ಅವನನ್ನು ಕಳಿಸಿದರೆ ತಾನೂ ಹೊರಡುತ್ತೇನೆ ಅಂತ ಮಗಳು ಹಟ ಹಿಡಿದಿದ್ದಳಂತೆ. ಹೆಂಡತಿ ತೀರಿಕೊಂಡ ಮೇಲೆ ಯಜಮಾನರಿಗೆ ಉಳಿದವಳು ಅವಳೊಬ್ಬಳೇ. ಇದನ್ನು ಹೇಳುವಾಗ ಅವರ ದನಿ ಸಣ್ಣಗಾಯಿತು.

ನಾವು ಹೋದಾಗ ಅಳಿಯ ಮುಖ ತಗ್ಗಿಸಿ ಕೂತಿದ್ದ. ಮಗಳು ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದಳು. ಏನು ಕೇಳಿದರೂ ಇಬ್ಬರದೂ ಒಂದೇ ಉತ್ತರ: ಗೊತ್ತಿಲ್ಲ. ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ. ಇದು ಅಳಿಯನದೇ ಕೆಲಸ ಅಂತ ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ.

ನಮ್ಮವಳು ಕಪಾಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬಾಗಿಲಿನ ಸಂದುಗಳಲ್ಲೆಲ್ಲ ಕಿತ್ತ ಟೇಪಿನ ಚೂರುಗಳಿದ್ದವು. ಧೂಳು ಹೋಗದಿರಲಿ ಅಂತ ಹಿಂದಿನ ಸಂಜೆ ಯಜಮಾನರೇ ಹಚ್ಚಿದ್ದಂತೆ, ಬೆಳಿಗ್ಗೆ ಕಿತ್ತವರೂ ಅವರೇ. ನಡುವಿನ ಹಲಗೆಯಲ್ಲಿ ಒಂದು ವಿಮಾನದ ಸುತ್ತ ಮಸುಕು ದಟ್ಟವಾಗಿತ್ತು, ದೂರ ಹೋದಂತೆ ತೆಳುವಾಗಿತ್ತು. ಓದುವ ಮೇಜಿನ ಮೇಲೆ ಮರೆತು ಬಿಟ್ಟಿದ್ದ ವಿಮಾನದ ಸ್ಟ್ಯಾಂಡು ಮಾತ್ರ ತಿಳಿನೀರಿನಂತಿತ್ತು.

"ಈ ನಡುವಿನದಕ್ಕೆ ಏನಾಗಿತ್ತು?" ಎಂದು ಕೇಳಿದಳು.

ಅದರ ಸ್ಟ್ಯಾಂಡು ಮುರಿದಿತ್ತು, ಸಂಜೆ ಅಂಟಿಸಿದೆ ಎಂದರು ಯಜಮಾನರು. ಯಾವಾಗಲೂ ಬಳಸುವ ಬಿಳಿ ಗಮ್ಮು ಒಣಗಲು ರಾತ್ರಿಯೆಲ್ಲ ಬೇಕು. ಪಂದ್ಯದ ಅವಸರದಲ್ಲಿ ಈ ಸಲ ಥಟ್ಟನೆ ಹಿಡಿಯುವ ಗಮ್ಮು ತಂದಿದ್ದರು. "ಆದರೆ ನಾನು ಮುಟ್ಟಿದ್ದು ಅದೊಂದನ್ನೇ. ಮಿಕ್ಕವಕ್ಕೆ ಗಮ್ಮಿನ ಹನಿಯೂ ತಾಗಿಲ್ಲ. ಅಷ್ಟೇ ಅಲ್ಲ, ಕಳ್ಳ ಗುರುತು ಬಿಟ್ಟಿದ್ದಾನೆ, ನೋಡು." ಕಪಾಟಿನ ಗಾಜಿನ ಒಳಮೈಯಲ್ಲಿ ಬೆರಳ ಗುರುತುಗಳು ಸುಣ್ಣದಲ್ಲಿ ಒತ್ತಿದಂತೆ ಬೆಳ್ಳಗೆ ಮೂಡಿದ್ದವು.

ನಮ್ಮವಳು ಅಂಗಡಿಯಿಂದ ಮೂರು ಹೊಸ ಮಸೂರ ತರಿಸಿ, ಮೂವರ ಕೈಯಲ್ಲೂ ಹೆಬ್ಬೆರಳು ಒತ್ತಿಸಿದಳು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ನನ್ನನ್ನೂ ಕರೆದು ತೋರಿಸಿದಳು. ಆಮೇಲೆ ಎಲ್ಲರನ್ನೂ ಕೂರಿಸಿಕೊಂಡಳು.

"ಮುರಿದ ಕನ್ನಡಕವನ್ನ ಈ ಗಮ್ಮಲ್ಲಿ ಅಂಟಿಸಿ, ಡಬ್ಬಿ ಮುಚ್ಚಿಟ್ಟು, ಆಮೇಲೆ ನಮ್ಮ ಹತ್ರ ಅಳ್ತಾ ಬರೋರು ಎಷ್ಟು ಜನ! ಗಮ್ಮು ಹಾಕಿದ್ದು ಕಡ್ಡಿಗೆ, ಮಂಜು ಹಿಡಿದಿರೋದು ಮಸೂರಕ್ಕೆ. ಅದು ಒಣಗ್ತಾ ಆವಿ ಬಿಡುತ್ತೆ. ಗಾಳಿ ಆಡಿದ್ರೆ ಹೋಗುತ್ತೆ. ಯಜಮಾನ್ರು ಕಪಾಟಿಗೆ ಟೇಪು ಹಾಕಿ ಅದನ್ನ ಒಳಗೇ ಕೂಡಿಹಾಕಿದ್ರು. ಪಾಪ, ಅದು ಎಲ್ಲಿಗೆ ಹೋಗಬೇಕು? ಎಲ್ಲ ಸ್ಟ್ಯಾಂಡಿನ ಮೇಲೂ ಕೂತುಬಿಡ್ತು. ಹೊರಗಿದ್ದ ವಿಮಾನ ಅದಕ್ಕೇ ಉಳಿದುಕೊಳ್ತು."

"ಮತ್ತೆ ಬೆರಳ ಗುರುತು?" ಯಜಮಾನರು ಪಟ್ಟು ಬಿಡಲಿಲ್ಲ.

"ಬೆರಳಿನ ಬೆವರು ಇದ್ದ ಕಡೆ ಆ ಆವಿ ಇನ್ನೂ ಚೆನ್ನಾಗಿ ಹಿಡಿಯುತ್ತೆ. ಯಾವತ್ತೋ ಮುಟ್ಟಿದ ಗುರುತೂ ಎದ್ದು ಕಾಣುತ್ತೆ. ಒಳಗಿರೋ ಹೆಬ್ಬೆರಳಿನ ಗುರುತುಗಳಲ್ಲೆಲ್ಲ ಅಡ್ಡಕ್ಕೆ ಒಂದು ಗಾಯದ ಗೆರೆ ಇದೆ. ನಿಮ್ಮ ಹೆಬ್ಬೆರಳು ನೋಡ್ಕೊಳ್ಳಿ, ಅಣ್ಣಾ. ನಿಮ್ಮ ಅಳಿಯ ಆ ಕಪಾಟಿನ ಒಳಗೆ ಬೆರಳಿಟ್ಟ ಗುರುತು ಒಂದೂ ಇಲ್ಲ. ಮಗಳದೂ ಇಲ್ಲ."

ಯಜಮಾನರು ಹೆಬ್ಬೆರಳನ್ನೇ ನೋಡುತ್ತಾ ಕೂತುಬಿಟ್ಟರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸ್ಟ್ಯಾಂಡುಗಳ ಬಗ್ಗೆಯೂ ಚಿಂತೆ ಬೇಡ, ಮಸೂರ ಉಜ್ಜುವ ಪೇಸ್ಟಿನಿಂದ ತಿಕ್ಕಿದರೆ ಸಂಜೆಯೊಳಗೆ ಹೊಳಪು ಬರುತ್ತದೆ, ಮುಂದೆ ಬಿಳಿ ಗಮ್ಮನ್ನೇ ಬಳಸಿ, ಅದು ಒಣಗಿದರೆ ಕಾಣುವುದೇ ಇಲ್ಲ ಎಂದಳು ನಮ್ಮವಳು.

ಆಗ ಮಗಳು ಗಂಡನತ್ತ ತಿರುಗಿದಳು. "ಹಾಗಾದ್ರೆ ನೀವಲ್ವಾ?"

"ನಾನ್ಯಾಕೆ ಮಾಡಲಿ? ನೀನೇ ಅಂದ್ಕೊಂಡು ಬೈಸ್ಕೊಂಡು ಕೂತಿದ್ದೆ."

"ನಾನೂ ನೀವೇ ಅಂದ್ಕೊಂಡು ಬಾಯಿ ಬಿಡಲಿಲ್ಲ." ಅವಳಿಗೆ ಅಳುವಿನ ನಡುವೆಯೇ ನಗು ಬಂತು, ಅವನಿಗೂ ಬಂತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ನಾವೂ ನಕ್ಕೆವು.

ನಗದವರು ಯಜಮಾನರೊಬ್ಬರೇ. ಅವರು ಮಗಳನ್ನು ನೋಡಿದರು, ಅಳಿಯನನ್ನು ನೋಡಿದರು. "ಅಂದ್ರೆ, ಈ ಕಪಾಟಿನಿಂದ ನಿಮ್ಮಿಬ್ರಿಗೂ ಅಷ್ಟು ಸಾಕಾಗಿದೆ ಅಂತಾಯ್ತು," ಎಂದರು ಮೆಲ್ಲಗೆ.

ಆಮೇಲೆ ಎದ್ದು, ವಿಮಾನಗಳನ್ನು ಒಂದೊಂದಾಗಿ ಹಾಸಿಗೆಯ ಮೇಲೆ ಇಳಿಸಿದರು. ಕಪಾಟಿನ ಒಂದು ತುದಿ ಹಿಡಿದರು.

"ತಪ್ಪು ನನ್ನದು, ಅಳಿಯಂದಿರೇ. ಆ ಕಡೆ ಸ್ವಲ್ಪ ಹಿಡ್ಕೊಳ್ಳಿ. ಇದನ್ನ ನನ್ನ ಕೋಣೆಗೆ ಹಾಕೋಣ."