ಆ ಬೆಂಚಿನಲ್ಲಿ ಯಾರೂ ಕೂರಲಿಲ್ಲ

"ನಿಮ್ಮ ತರಗತಿಗೆ ಒಳ್ಳೇ ವರದಿ ಕೊಡೋಕೆ ನನ್ನಿಂದ ಆಗಲ್ಲ, ಟೀಚರ್."

ಶಿಕ್ಷಕರ ಕೊಠಡಿಯಲ್ಲಿ ಆತ ಹೀಗೆಂದಾಗ ಅವಳ ಮೈ ಉರಿದುಹೋಯಿತು. ಬೇರೆ ದೇಶ, ಬೇರೆ ಭಾಷೆಯವರೊಡನೆ ಬೆರೆತು ಬಾಳುವ ಗುಣ ಮಕ್ಕಳಲ್ಲಿ ಎಷ್ಟಿದೆಯೆಂದು ಅಳೆಯಲು ಬಂದ ಪರೀಕ್ಷಕ ಆತ. ವಾರವಿಡೀ ಅವಳ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಆತನ ಮೆಲುದನಿಗೆ ತಾನು ಮನಸೋಲುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಈಗ ನೋಡಿದರೆ... ಬೆನ್ನಿಗೆ ಚೂರಿ!

"ಎಲ್ರೂ ಎಷ್ಟು ಚೆನ್ನಾಗಿ ಉತ್ತರ ಬರೆದಿದ್ದಾರೆ! ಕ್ಲಾಸ್ ಲೀಡರ್ ಹುಡುಗಿ ಬರೆದಿದ್ದು ಓದಿ ನೀವೇ ತಲೆದೂಗಿದ್ರಿ."

"ಬರೆದಿದ್ದಾರೆ. ಆದ್ರೆ ಊಟದ ಹೊತ್ತಲ್ಲಿ ನೋಡಿದ್ದೀರಾ? ಪರದೇಶದಿಂದ ಬಂದಿರೋ ಆ ಹೊಸ ಹುಡುಗಿ ಬಂದು ಕೂತ್ರೆ ಸಾಕು, ಬೆಂಚು ಖಾಲಿ."

"ಮಕ್ಕಳಾಟ ಅದು!"

"ಆಟ ಆದ್ರೆ ನಗು ಇರ್ಬೇಕಲ್ವಾ? ಇವರು ನಗ್ತಾ ಇಲ್ಲ."

ಅವಳು ಮುಖ ತಿರುಗಿಸಿ ಹೊರಟುಬಿಟ್ಟಳು. 'ಇವತ್ತಿಗೆ ಪೀಡೆ ತೊಲಗುತ್ತೆ!' ಅಂದುಕೊಂಡಳು. ಕಣ್ಣು ಮಾತ್ರ ತುಂಬಿತ್ತು...

ಕೊನೆಯ ಆಟದ ಅವಧಿ ಮುಗಿದು ಸಂಜೆಯ ಗಂಟೆ ಹೊಡೆಯಿತು. ಗೇಟಿನಿಂದ ಹೊಸ ಹುಡುಗಿಯ ತಾಯಿ ಓಡಿಬಂದಳು. ಬಾರದ ಭಾಷೆಯಲ್ಲಿ ತಡವರಿಸಿದಳು.

"ಮಗಳು... ಎಲ್ಲಿ?"

ಮನೆಗೆ ಹೊರಟ ಮಕ್ಕಳು ಸಾಲಾಗಿ ನಿಂತಿದ್ದರು. ಒಂದು ಪಿಸುಮಾತೂ ಇಲ್ಲ.

"ಎಲ್ಲಿ ಅವಳು?" ಟೀಚರ್ ಮಕ್ಕಳನ್ನು ಕೇಳಿದಳು.

ಯಾರೂ ತಲೆ ಎತ್ತಲಿಲ್ಲ. ಲೀಡರ್ ಹುಡುಗಿಯ ಮುಷ್ಟಿ ಬಿಗಿಯಾಗಿತ್ತು. ಟೀಚರ್ ಒಂದೊಂದೇ ಬೆರಳು ಬಿಡಿಸಿದಳು.

ಬೀಗದ ಕೈ!

"ಆಟದ ಸಾಮಾನಿನ ಕೋಣೇದು," ಹುಡುಗಿ ತಣ್ಣಗೆ ಅಂದಳು. "ಅವಳು ಕೂಗ್ತಾನೇ ಇದ್ಲು ಮಿಸ್. ಏನಂತ ನಮಗೆ ಅರ್ಥ ಆಗ್ಲಿಲ್ಲ."

ಹೊರಡಲು ನಿಂತಿದ್ದ ಪರೀಕ್ಷಕ ಚೀಲ ಅಲ್ಲೇ ಬಿಸುಟು ಟೀಚರ್ ಜೊತೆ ಓಡಿದ. ಬಾಗಿಲು ತೆರೆದರೆ ಕತ್ತಲು. ಮೂಲೆಯಲ್ಲಿ ಮಂಡಿ ತಬ್ಬಿ ಕುಳಿತಿದ್ದ ಮಗು ಅಳುತ್ತಲೂ ಇರಲಿಲ್ಲ. ಟೀಚರ್ ಕೈ ಚಾಚಿದರೆ ಇನ್ನಷ್ಟು ಮುದುಡಿತು. ತಾಯಿಯನ್ನು ಕಂಡ ಮೇಲೆಯೇ ಅದು ಕಿರುಚಿ ಅತ್ತಿದ್ದು.

ತಾಯಿ-ಮಗಳು ಹೋದರು. ಟೀಚರ್ ವರಾಂಡದ ಕಂಬಕ್ಕೆ ಒರಗಿ ಕುಳಿತಳು.

"ನೀವು ಹೇಳಿದಾಗ್ಲೇ ಕೇಳ್ಬೇಕಿತ್ತು... ನಿಮ್ಮನ್ನೇ ಶತ್ರು ಅಂದ್ಕೊಂಡೆ."

ಆತ ಪಕ್ಕದಲ್ಲಿ ಕುಳಿತ. "ಮೊನ್ನೇನೇ ಕೆಲಸ ಮುಗಿಸಿ ಹೋಗ್ಬಹುದಿತ್ತು. ನಿಮ್ಮನ್ನ ಬಿಟ್ಟು ಹೋಗೋಕೆ ಕಾಲೇ ಬರ್ಲಿಲ್ಲ. ಈ ಮಕ್ಕಳಲ್ಲಿ ಪ್ರೀತಿ ಇದೆ ಅಂತ ಸುಳ್ಳು ಬರೆಯೋಕೂ ಕೈ ಬರ್ಲಿಲ್ಲ."

ಅವಳು ಬೆಚ್ಚಿ ನೋಡಿದಳು. ದೂರದಲ್ಲಿ ಮಕ್ಕಳು ಈಗಲೂ ಸದ್ದಿಲ್ಲದೆ, ಸಾಲು ತಪ್ಪದೆ ಗೇಟು ದಾಟುತ್ತಿದ್ದರು.

"ನಾಳೆ ಅವರ ಮುಂದೆ ನಿಲ್ಲೋಕೆ ಭಯ ಆಗ್ತಿದೆ ರೀ."

"ಒಬ್ರೇ ಯಾಕೆ ನಿಲ್ತೀರಾ? ನಾನೂ ಇರ್ತೀನಿ."

"ನಾಳೆ ಮಾತ್ರನಾ?"

"ನೀವು ಸಾಕು ಅನ್ನೋವರೆಗೂ."

ಅವಳು ಆತನ ಕೈ ಹಿಡಿದಳು.

"ನಾನು ಸಾಕು ಅನ್ನಲ್ಲ..."