ಏಡನ್ನಿನಲ್ಲಿ ಹೊಟ್ಟೆ ತುಂಬದ ಹಡಗು

ಬೊಂಬಾಯಿಯಿಂದ ಲಂಡನ್ನಿಗೆ ಹೊರಟ ಇಂಗ್ಲಿಷರ ಹಡಗುಗಳು ನಮ್ಮ ಏಡನ್ ಬಂದರಿನಲ್ಲಿ ಕಲ್ಲಿದ್ದಲು ತುಂಬಿಸಿಕೊಂಡೇ ಮುಂದೆ ಹೋಗಬೇಕಿತ್ತು. ಅಂದು ಬಂದ ಹಡಗಿಗೆ ನಾನೂ ನನ್ನ ಜೊತೆಯ ಕೂಲಿ ಅವದನೂ ಬೆಳಗಿನಿಂದ ಕಲ್ಲಿದ್ದಲ ಮೂಟೆ ಸುರಿದರೂ ಅದು ತುಂಬಲಿಲ್ಲ. ಕಲ್ಲಿದ್ದಲು ಕೆಳಗೆ ಬಿದ್ದ ಸದ್ದೂ ಬರಲಿಲ್ಲ.

"ಇದಕ್ಕೆ ತಳ ಇದೆಯೇನೋ?" ಎಂದೆ.

"ಇಂಗ್ಲಿಷರ ಹೊಟ್ಟೆ ಕಣಣ್ಣಾ, ತುಂಬೋದುಂಟಾ?" ಎಂದು ಅವದ್ ನಕ್ಕ.

ನಾನು ಕಲ್ಲಿದ್ದಲು ಸುರಿಯುವ ಕಂಡಿಯೊಳಗೆ ಬಗ್ಗಿ ನೋಡಿದೆ. ಆ ಸುಡುಬಿಸಿಲಿನಲ್ಲೂ ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಕತ್ತಲಲ್ಲಿ ಯಾರೋ ನಮ್ಮದೇ ಮಾತಿನಲ್ಲಿ, "ಬೇಗ ಹಾಕ್ರೋ, ಸೋಮಾರಿಗಳಾ!" ಎಂದು ಗದರಿದರು.

ಅವದನ ನಗು ನಿಂತಿತು. "ಅಣ್ಣಾ, ಹೋದ ವರ್ಷ ನಾವೇ ಹೂಳಿದ ಮೇಸ್ತ್ರಿ ಬಾಸೂದಾನ್! ಸತ್ತರೂ ನಮ್ಮನ್ನ ಬಿಡಲಿಲ್ಲವಲ್ಲ!"

ಓಡಲು ತಿರುಗಿದೆವು. "ನನಗೆ ಎಲ್ಲಾ ಕಾಣುತ್ತೆ!" ಎಂದಿತು ದನಿ. ಮತ್ತೆ ಮೂಟೆ ಎತ್ತಿಕೊಂಡೆವು.

ಸಂಜೆ ಹಡಗು ಕೂಗು ಹಾಕಿ ಹೊರಟಿತು. ದಡದ ಕಲ್ಲಿದ್ದಲ ಗುಡ್ಡ ಅರ್ಧ ಕರಗಿತ್ತು. ಹಡಗಿನ ಕೊಳವೆಯಿಂದ ಮಾತ್ರ ಹೊಗೆಯೇ ಬರಲಿಲ್ಲ.